ತಾನೇ ಬರೆದು ತಾನೇ ಒಪ್ಪಿದ ತಿದ್ದುಪಡಿ

ಅಕ್ಕನ ನೆನಪಿನ ಈ ಸಭೆಗೆ ಬಂದಿರುವ ಹಿರಿಯರೇ, ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ನಾವು ಅಕ್ಕನನ್ನು "ಇನ್ನೊಮ್ಮೆ ಅಕ್ಕ" ಎನ್ನುತ್ತಿದ್ದೆವು. ಪರದೆಯ ಮೇಲಿನ ಬರಹವನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ನಮ್ಮದು. ಓಪನ್ ಸೋರ್ಸ್ — ಅಂದರೆ ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ಕೋಡ್ ತಿದ್ದಿ ಕಳಿಸಬಹುದು. ಕಳಿಸಿದ್ದನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು. ನಾವು ಏನೇ ಕಳಿಸಲಿ, ಅಕ್ಕನ ಉತ್ತರ ಒಂದೇ: "ಚೆನ್ನಾಗಿದೆ. ಇನ್ನೊಮ್ಮೆ ನೋಡಿ." ಮದುವೆಗೆ ಒಪ್ಪಿಗೆ ಕೇಳಿದಾಗಲೂ ಹಾಗೇ ಅಂದಿದ್ದಳು ಎಂದು ಯಜಮಾನರು — ನಗುತ್ತಿದ್ದಾರೆ ನೋಡಿ — ನಮಗೆ ಹೇಳಿದ್ದುಂಟು.

ಇವತ್ತು ಒಳ್ಳೆಯ ನಾಲ್ಕು ಮಾತು ಆಡಿ ಕೂರೋಣ ಎಂದು ಬಂದಿದ್ದೆ. ಬಾಗಿಲಲ್ಲೇ ಮಗಳು ತಡೆದಳು. "ಅಂಕಲ್, ಪಿಯಾನೋದವರ ವಿಷಯ ಬಿಡಬೇಡಿ. ಅಮ್ಮನೇ ಹೇಳಿಸು ಅಂದಿದ್ಲು." ಹೇಳಲು ತಲೆ ತಗ್ಗುತ್ತದೆ. ಆದರೂ — ಹೇಳುತ್ತೇನೆ.

ತಂತ್ರಾಂಶ ನಿಧಾನ ಎಂಬ ದೂರು ಬಹಳವಿತ್ತು. ವೇಗ ಹೆಚ್ಚಿಸಲು ಅಕ್ಕ ಒಂದು ತಿದ್ದುಪಡಿ ಬರೆದರು. ಹಿರಿಯರಲ್ಲವೇ, ಒಪ್ಪುವ ಅಧಿಕಾರವೂ ಅವರಿಗಿತ್ತು. ಯಾರಿಗೂ ತೋರಿಸಲಿಲ್ಲ. ತಾವೇ ಬರೆದು — ತಾವೇ ಒಪ್ಪಿಬಿಟ್ಟರು. ವೇಗವೇನೋ ಬಂತು. ಆದರೆ ಕೆಲವು ಸಾಲುಗಳ ಕೊನೆಯ ಪದವನ್ನು ಅದು ನುಂಗತೊಡಗಿತು.

ಪಿಯಾನೋ ಶ್ರುತಿ ಮಾಡುವವರೊಬ್ಬರು, ಕಣ್ಣು ಕಾಣದವರು. ಕೆಲಸಕ್ಕೆ ಅರ್ಜಿ ಹಾಕಿದ್ದ ಸಂಗೀತ ಶಾಲೆಯಿಂದ ಅವರಿಗೆ ಮೇಲ್ ಬಂತು: "ಸೋಮವಾರ ಸಂದರ್ಶನ ಇಲ್ಲ." ಕಿವಿಗೆ ಬಿದ್ದದ್ದು — "ಸೋಮವಾರ ಸಂದರ್ಶನ." ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದರು. ಬೀಗ. ಕಾವಲುಗಾರ ಅವರ ಫೋನ್ ನೋಡಿ, "ಇಲ್ಲ ಅಂತ ಬರ್ದಿದೆಯಲ್ರೀ" ಎಂದು ನಕ್ಕನಂತೆ.

ಅವರು ನಮಗೆ ಬರೆದದ್ದು ದೂರಲ್ಲ. ನಡೆದದ್ದನ್ನು ಹೇಳಿ, "ನನ್ನ ಕಿವಿ ಮಂದ ಆಗ್ತಿದೆ, ಧ್ವನಿ ಹೆಚ್ಚಿಸೋದು ಹೇಗೆ?" ಎಂದು ಕೇಳಿದ್ದರು.

ಅಕ್ಕ ಆ ಸಾಲನ್ನು ನಮ್ಮ ತಂತ್ರಾಂಶದಿಂದಲೇ ಓದಿಸಿ ನೋಡಿದರು; ಕೊನೆಯ "ಇಲ್ಲ" ಕೇಳಲೇ ಇಲ್ಲ. "ನಮ್ಮ ತಪ್ಪು ಅಂತ ಅವರಿಗೆ ಗೊತ್ತಿಲ್ಲ. ಸರಿಮಾಡಿ ಸುಮ್ನಿದ್ಬಿಡೋಣ" — ಹಾಗೆಂದವರು ನಾವು. ನಾವೆಲ್ಲ.

"ಕಿವಿ ನಂಬ್ಕೊಂಡು ಬದುಕೋರು ಕಣ್ರೋ ಅವರು," ಎಂದರು ಅಕ್ಕ.

ತಿದ್ದುಪಡಿ ಹಿಂತೆಗೆದರು. ತಪ್ಪು ತಮ್ಮದೆಂದು ಎಲ್ಲರೂ ಓದುವ ಜಾಗದಲ್ಲಿ ಬರೆದರು; ಒಪ್ಪುವ ಅಧಿಕಾರವನ್ನೂ ಬಿಟ್ಟುಕೊಟ್ಟರು. ಆಮೇಲೆ ಪಿಯಾನೋದವರ ಅಂಗಡಿಗೇ ಹೋದರು; ನಾನೂ ಜೊತೆಗಿದ್ದೆ. ಬಿಚ್ಚಿಟ್ಟ ಪಿಯಾನೋ ಪಕ್ಕ ಕುರ್ಚಿ ಕೊಟ್ಟರೂ ಅಕ್ಕ ಕೂರಲಿಲ್ಲ. "ನಿಮ್ಮ ಕಿವಿ ಸರಿಯಾಗಿದೆ ಸಾರ್. ಕೆಟ್ಟಿದ್ದು ನನ್ನ ಕೆಲಸ."

ಅವರು ಕೈಲಿದ್ದ ಉಪಕರಣ ಕೆಳಗಿಟ್ಟರು. "ಶಾಲೆಯವರು ಮತ್ತೆ ಕರೆದಿದ್ರು ತಾಯಿ, ನಾನೇ ಹೋಗ್ಲಿಲ್ಲ. ಕಿವಿ ಕೆಟ್ಟೋನು ಯಾವ ಮುಖ ಹೊತ್ಕೊಂಡು ಹೋಗ್ಲಿ ಅಂತ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅಕ್ಕ ಕೇಳಲೂ ಇಲ್ಲ. "ಮುಂದಿನದನ್ನ ಜನಕ್ಕೆ ಬಿಡೋ ಮುಂಚೆ ನಂಗೆ ಕೇಳಿಸಿ" — ಅಷ್ಟೇ ಅಂದರು ಪಿಯಾನೋದವರು.

ಅಂದಿನಿಂದ ಅವರ ಕಿವಿ ದಾಟದೆ ನಮ್ಮ ಯಾವ ತಿದ್ದುಪಡಿಯೂ ಹೊರಗೆ ಹೋಗಿಲ್ಲ. ಬಿಟ್ಟುಕೊಟ್ಟ ಅಧಿಕಾರವನ್ನು ಅಕ್ಕ ಕೊನೆಯವರೆಗೂ ಮರಳಿ ಪಡೆಯಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಅವರು ಕಳಿಸಿದ್ದನ್ನು ಕೂಡ, "ಅಲ್ಪವಿರಾಮದ ಹತ್ರ ಎಡವುತ್ತೆ" ಎಂದು ಪಿಯಾನೋದವರು ಹಿಂದಿರುಗಿಸಿದರು. ಅದನ್ನು ತಿದ್ದಲು ಅಕ್ಕನಿಗೆ ಆಗಲಿಲ್ಲ. ನಿನ್ನೆ ಅಮ್ಮನ ಬದಲು ಮಗಳು ತಿದ್ದಿ ಕಳಿಸಿದಳು. ಪಿಯಾನೋದವರು — ಹಿಂದಿನ ಸಾಲಿನಲ್ಲಿದ್ದಾರೆ — ಇನ್ನೂ ಒಪ್ಪಿಲ್ಲ. ಇನ್ನೊಮ್ಮೆ ಕೇಳಿಸಿಕೊಳ್ಳುತ್ತಿದ್ದಾರಂತೆ.

ಅಕ್ಕ ತಮ್ಮ ನಾಚಿಕೆಯನ್ನು ಹೊತ್ತು ಪಿಯಾನೋದವರ ಬಾಗಿಲವರೆಗೆ ನಡೆದರು. ಮುಚ್ಚಿಡೋಣ ಎಂದ ನಾವು ನಮ್ಮದನ್ನು ಹೊತ್ತು ಇನ್ನೂ ನಡೆದಿಲ್ಲ.

ದಯವಿಟ್ಟು — ಎಲ್ಲರೂ ಎದ್ದು ನಿಲ್ಲಿ. ಅಕ್ಕನಿಗಾಗಿ ಸ್ವಲ್ಪ ಹೊತ್ತು ಮೌನವಾಗಿರೋಣ.