ಸೀರಿ ಅಂಗಡಿ ಆಟೋದಾಗಿನ ದನಿ

ಅಲ್ಲ ಕಾಂತಾ, ಅದು ನಿನ್ನ ದನೀನ. ನಾ ಇಲ್ಲ ಅನ್ನೂದಿಲ್ಲ... ಮೊದಲ ನೀ ಒಳಗ ಬಾ, ಕುಂದ್ರ. ಹಿಂಗ ಬಾಗಲದಾಗ ನಿಂತು ನೋಡಿದ್ರ ನಾ ಹೆಂಗ ಹೇಳ್ಲಿ? ನಿಮ್ಮವ್ವ ಫೋನ್ ಮಾಡಿದ್ರು. ಇಲ್ಲಿ ಖಾನಾಪುರ ಪ್ಯಾಟ್ಯಾಗ ಸೀರಿ ಅಂಗಡಿ ಆಟೋ ಬಂತಂತ, ಮೈಕಿನ್ಯಾಗ ನಿನ್ನ ದನಿ ಕೇಳಿ ಕಾಯಿಪಲ್ಲೆ ಚೀಲ ಅಲ್ಲೇ ಬಿಟ್ಟು ಮನಿಗೆ ಬಂದಿಯಂತ. ಆಗಿಂದ ಉಂಡಿಲ್ಲಂತ. ನಾ ಆಫೀಸಿಂದ ಹಂಗ ಬಸ್ ಹತ್ತಿ ಬಂದೀನಿ.

ಸೆರಗಿಲೆ ಕುತ್ತಗಿ ಯಾಕ ಮುಚ್ಚತಿ? ನಾನ ಅದೀನಲ್ಲ, ಬ್ಯಾರೆ ಯಾರೂ ಇಲ್ಲ. ಡಾಕ್ಟರ್ ಗಂಟಲದಾಗಿನ ದನಿ ಪೆಟ್ಟಿಗಿ ತಗದಾಗ ನಾನೂ ಹೊರಗ ನಿಂತಿದ್ದೆ. ಜೀವ ಉಳೀತು, ಮಾತು ಹೋತು ಅಂದ್ರು. ಜೀವ ಉಳೀತಲ್ಲ ಅಂತ ಕೈ ಮುಗದೆ. ಮಾತು ಹೋತು ಅಂದ್ರ ಏನಂತ ಮನಿಗೆ ಬಂದ ಮ್ಯಾಲ ತಿಳೀತು...

ಹೇಳತೀನಿ, ಹೇಳತೀನಿ. ನಮ್ಮ ಜಾಹೀರಾತಿನ ಆಫೀಸು ಹೆಂಗಂತ ನಿಂಗ ಗೊತ್ತ ಐತಿ. ಬೆಳಗಾವಿ ಕ್ಯಾಂಪಿನ್ಯಾಗ ಅದ ಹಳೇ ಬಂಗಲೆ, ಮ್ಯಾಲಿನ ಖೋಲಿ. ನಾ ಕುಂತು ಬರೀತೀನಿ, ಗಿರಾಕಿ ಬಂದು ಛಲೋ ಸಾಲೆಲ್ಲಾ ಹೊಡದು ಹಾಕಿ ‘ಭಾರಿ ಡಿಸ್ಕೌಂಟ್ ಅಂತ ಸೇರಸ್ರಿ’ ಅಂತಾನ. ಸೇರಸ್ತೀನಿ. ಮತ್ತೇನ ಮಾಡ್ಲಿ? ಆದ್ರ ಆ ಸತ್ತ ಸಾಲೂ ರೆಕಾರ್ಡಿಂಗಿನ್ಯಾಗ ನಿನ್ನ ಬಾಯಾಗ ಬಂದ್ರ ಎದ್ದು ಕುಂದರ್ತಿತ್ತು. ಮಾರ್ಕೆಟ್ಟಿನ್ಯಾಗ ನೀ ಉಳ್ಳಾಗಡ್ಡಿ ಹೆಂಗ ಅಂತ ಕೇಳಿದ್ರ, ಮಾರಾಕಿ ತಕ್ಕಡಿ ಬಿಟ್ಟು ‘ಮೈಕಿನ್ಯಾಗ ಕುಂದಾ ಮಿಠಾಯಿ ತಗೋರಿ ಅನ್ನಾಕಿ ನೀವ ಅಲ್ರಿ ಅಕ್ಕಾರ?’ ಅಂದ್ಲು, ನೆನಪೈತಲ್ಲ... ನಕ್ಕಿ? ಇಲ್ಲೇನು. ನಂಗ ಹಂಗ ಅನಸ್ತು.

ಇಷ್ಟ ವರ್ಷ ಜಾಹೀರಾತು ಬರದು ನಾ ಕಲ್ತಿದ್ದು ಒಂದ. ಮಂದಿಗೆ ಸೀರಿ ಬೇಕಾಗಿರೂದಿಲ್ಲ. ಕಪಾಟಿನ್ಯಾಗ ಇದ್ದದ್ದನ್ನ ಉಟ್ಟು ಮುಗದಿರೂದಿಲ್ಲ. ಯಾರರೆ ಅಕ್ಕರೆಯಿಂದ ‘ಬರ್ರಿ’ ಅಂತ ಕರೀಬೇಕು, ಅಷ್ಟ. ನೀ ಕರೀತಿದ್ದಿ, ಬರ್ತಿದ್ರು. ನೀ ಬಿಟ್ಟ ಮ್ಯಾಲ ಶೀತಲ ಅಂತ ಕಾಲೇಜ್ ಹುಡಗಿ ಬಂದ್ಲು. ಪಾಪ, ಛಲೋನ ಓದತಿದ್ಲು. ಗಿರಾಕಿಗಳು ‘ಮೊದಲಿನ ಅಕ್ಕಾರು ಎಲ್ಲಿ’ ಅಂದ್ರು. ಅದಕ್ಕ ನಮ್ಮ ಮಾಲಕರು, ಗುರುಪಾದಪ್ಪನವರು, ನಿನ್ನ ಹಳೇ ರೆಕಾರ್ಡಿಂಗ್ ಎಲ್ಲಾ ಕಂಪ್ಯೂಟರಿಗೆ ಹಾಕಿಸಿದ್ರು. ಅದು ನಿನ್ನ ದನಿ ಕಲ್ತೈತಿ. ಏನ ಟೈಪ್ ಮಾಡಿದ್ರೂ ನಿನ್ನಂಗ ಮಾತಾಡತೈತಿ. ಕನ್ನಡ, ಮರಾಠಿ, ಎರಡೂ. ನಾ ಅಲ್ಲಿ ನೌಕರ. ನನ್ನ ಮಾತು ಯಾರು ಕೇಳತಾರ?

ಯಾಕ ಹಂಗ ನೋಡ್ತಿ?

ಮಾಲಕರು ಮಾಡಿದ್ರು ಅಂದ್ನಲ್ಲ... ಹೌದು, ಅವರಿಗೆ ಕಂಪ್ಯೂಟರ್ ಚಾಲೂ ಮಾಡಾಕೂ ಬರೂದಿಲ್ಲ. ನಿನ್ನ ರೆಕಾರ್ಡಿಂಗ್ ಎಲ್ಲಿ ಇಟ್ಟೈತಿ ಅಂತ ಗೊತ್ತಿದ್ದದ್ದೂ ನನಗೊಬ್ಬನಿಗೆ. ನೀ ಎಲ್ಲಾ ಬಲ್ಲಿ, ನಿನ್ನ ಮುಂದ ಏನ ಹೇಳೂದು...

ನಾನ ಮಾಡೀನಿ ಕಾಂತಾ. ಸೀರಿ ಸಲುವಾಗಿ ಮಾಡ್ಲಿಲ್ಲ. ಒಂದಿನ ನಾ ಆ ದನಿ ಕೇಳಕೋತ ಕುಂತಾಗ ಮಾಲಕರು ಹಿಂದ ಬಂದು ನಿಂತಿದ್ದು ಗೊತ್ತಾಗ್ಲಿಲ್ಲ. ‘ರಾಮಲಿಂಗ, ಇದನ್ನ ಇಷ್ಟ ದಿನ ಯಾಕ ಮುಚ್ಚಿಟ್ಟಿ?’ ಅಂದ್ರು. ಬ್ಯಾಡ್ರಿ ಅಂದೆ. ಆಕಿ ಕಿವಿಗೆ ಬಿದ್ರ ತಡಕೊಳ್ಳೂದಿಲ್ರಿ ಅಂದೆ. ‘ಬೆಳಗಾವ್ಯಾಗ ಹಾಕೂದಿಲ್ಲ, ಖಾನಾಪುರ ಕಡೆ ಅಷ್ಟ’ ಅಂದ್ರು. ನೀ ಇಲ್ಲೇ ತವರಿಗೆ ಬಂದಿ ಅಂತ ಹೇಳಬೇಕಾಗಿತ್ತು. ಹೇಳಿದ್ರ ಇನ್ನೊಂದು ಊರ ಹೆಸರ ಹೇಳ್ತಿದ್ರು. ಈಗ ಅಳಸ್ರಿ ಅಂದ್ರ ಅಳಸೂದೂ ನನ್ನ ಕೈಯಾಗ ಇಲ್ಲ.

ಏನು? ಕೈಸನ್ನಿ ತಿಳೀತು. ನಾ ಏನ ಕೇಳತಿದ್ದೆ ಅಂತ... ಹೇಳಲೇಬೇಕಾ?

‘ರೀ, ಊಟ ಆತಿಲ್ರಿ?’ ಅಷ್ಟ ಟೈಪ್ ಮಾಡ್ತಿದ್ದೆ. ‘ಲಗೂನ ಮನಿಗೆ ಬರ್ರಿ.’ ಒಂದೆರಡು ಸಲ ಬೈಸಿಕೊಂಡೂ ನೋಡಿದೆ. ಅದಕ್ಕ ಬೈಯಾಕ ಬರೂದಿಲ್ಲ. ಕುಂದಾ ಮಾರಿದಂಗ ಬೈತೈತಿ. ನಿನ್ನ ರೆಕಾರ್ಡಿಂಗಿನ್ಯಾಗ ಸಿಟ್ಟ ಇರಲಿಲ್ಲಲ್ಲ, ಎಲ್ಲಿಂದ ಕಲೀಬೇಕು? ಉಳದವರು ಹೋದ ಮ್ಯಾಲ ದಿನಾ ಸಂಜಿಕ ಕುಂದರ್ತಿದ್ದೆ...

ಗಡಿಯಾರ ಯಾಕ ತೋರಸ್ತಿ? ಬಸ್ಸಿಗೆ ಹೊತ್ತಾತೇನು? ಅಲ್ಲಾ? ಮತ್ತ...

ಹೌದು. ಆಗನ. ಆಫೀಸಿನ್ಯಾಗ ಕೆಲಸ ಐತಿ, ತಡಾ ಆಗತೈತಿ ಅಂತ ಮೆಸೇಜ್ ಹಾಕ್ತಿದ್ದೆ. ಕೆಲಸ ಇರಲಿಲ್ಲ ಕಾಂತಾ. ನೀ ತಾಟು ಮುಚ್ಚಿಟ್ಟು ಬಾಗಲ ನೋಡಕೋತ ಕುಂತಿರ್ತಿದ್ದಿ. ನಾ ಅಲ್ಲಿ ಕುಂತು, ಲಗೂನ ಮನಿಗೆ ಬರ್ರಿ ಅನ್ನೂದನ್ನ ಕೇಳತಿದ್ದೆ. ಮನಿಗೆ ಬಂದ್ರ ನಿನ್ನ ಮುಂದ ಕುಂತು ಏನ ಮಾತಾಡ್ಬೇಕು, ನಂಗ ತಿಳೀತಿರಲಿಲ್ಲ. ನೀ ತವರಿಗೆ ಹೊಂಟಾಗ ಯಾಕಂತ ಸೈತ ಕೇಳ್ಲಿಲ್ಲ...

ಕಾಂತಾ. ಆ ಕಡೆ ತಿರಗಬ್ಯಾಡ. ಮಾರಿ ಕಾಣ್ಲಿಲ್ಲಂದ್ರ ನೀ ಏನ ಅಂತಿ ಅಂತ ನಂಗ ಹೆಂಗ ತಿಳೀಬೇಕು?