ದೊಡ್ಡವರ ಮುಂದೆ ಬಾಯಿ ಬಿಡದ ಮಗು

ಬರ್ಮಿಂಗ್‌ಹ್ಯಾಮಿನ ಬಸ್‌ಸ್ಟಾಪಿನಲ್ಲಿ ಕುಳಿತಿದ್ದ ಬೆವರ್ಲಿಯ ಪಕ್ಕಕ್ಕೆ ಇಬ್ಬರು ಮುದುಕಿಯರು ಬಂದು ಕುಳಿತರು. ಅವಳ ತಾಯಿಯಂತೆ ಅವರೂ ಜಮೈಕಾದವರೆಂದು ಮಾತಿನಲ್ಲೇ ಗೊತ್ತಾಯಿತು.

"ಐಸಿಲ್ಡಕ್ಕಾ, ಮೊಮ್ಮಗಳು ಕಿಯಾನಾ ಯಾವಾಗ ಬರ್ತಾಳೆ?"

"ಬರಲ್ಲ ಕಣೇ ಮರ್ಲೀನ್. ಗುರುತಿಲ್ಲದೋರ ಮನೇಲಿ ಇಟ್ಟಿದಾರೆ."

"ತಾಯಿ ಆಸ್ಪತ್ರೆ ಸೇರಿದ್ಮೇಲೆ ಅಜ್ಜಿ ಹತ್ರ ತಾನೇ ಬಿಡಬೇಕು?"

"ಮಗೂನ ನನ್ನ ಹತ್ರ ಬಿಡಬಹುದಾ ಅಂತ ಮಕ್ಕಳ ಇಲಾಖೆಯೋಳು ಮನೆ ನೋಡೋಕೆ ಬಂದ್ಲು. ಬೀರುವಿನ ಕಪ್ಪು-ಸಾಸರು ತೆಗೆದೆ, ಶುಂಠಿ ಕೇಕು ಕೊಟ್ಟೆ. ದೊಡ್ಡೋರು ಮಾತಾಡ್ವಾಗ ಬಾಯಿ ಬಿಡಬೇಡ ಅಂತ ಕಿಯಾನಾಗೆ ಮೊದ್ಲೇ ಹೇಳಿದ್ದೆ."

"ನಮ್ಮನ್ನೂ ಹಾಗೇ ಅಲ್ವಾ ಬೆಳೆಸಿದ್ದು?"

"ಅವಳು ಏನು ಕೇಳಿದ್ರೂ ಮಗು ತಲೆ ತಗ್ಗಿಸ್ಕೊಂಡು ಕೂತಿತ್ತು. ಅಜ್ಜಿಗೆ ಹೆದರುತ್ತೆ ಅಂತ ಬರ್ಕೊಂಡು ಹೋದ್ಲು."

"ಅಯ್ಯೋ! ಮನೇಲಿ ಅದರ ಬಾಯಿ ರೇಡಿಯೋ ಇದ್ದಂಗೆ ಅಂತ ಹೇಳ್ಬಾರ್ದಿತ್ತಾ?"

"ಎಷ್ಟು ಮರ್ಯಾದೆ ಕಲಿಸಿದೀನಿ ಅಂತ ನಾನು ಬೀಗ್ತಾ ಕೂತಿದ್ದೆ ಕಣೇ."

ಬಸ್ಸು ಬಂತು. ಮರ್ಲೀನ್ ಐಸಿಲ್ಡಳನ್ನು ಕೈಹಿಡಿದು ಎಬ್ಬಿಸಿದಳು.

"ಫೋನಲ್ಲಾದ್ರೂ ಮಾತಾಡ್ತಾಳಾ?"

"ನಿನ್ನೆ ಮಾಡಿದ್ಲು. 'ಅಜ್ಜಿ, ಈಗ ಮಾತಾಡ್ಬಹುದಾ?' ಅಂತ ಕೇಳಿದ್ಲು."

"ನೀನೇನಂದೆ?"

ಅವರಿಬ್ಬರ ಹಿಂದೆ ಬಸ್ಸಿನ ಬಾಗಿಲು ಮುಚ್ಚಿತು. ಅದೇ ಬಸ್ಸಿಗೆ ಕಾದಿದ್ದ ಬೆವರ್ಲಿ, ತನಗೂ ತಾಯಿ ಬಾಯಿ ಬಿಡಬೇಡವೆನ್ನುತ್ತಿದ್ದುದು ನೆನಪಾಗಿ, ಕುಳಿತೇ ಇದ್ದಳು.