ತೂತುಕಾಸಿಗೆ ನಾನು ಕೊಟ್ಟ ದರ್ಜೆ

ಅಧ್ಯಕ್ಷತೆ ವಹಿಸಿರುವ ಸುಮನಾ ಮೇಡಂ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಭಾನುವಾರದ ಬಾಡೂಟ ಬಿಟ್ಟು ಬಂದಿರುವ ನಮ್ಮ ನಾಣ್ಯ ಸಂಗ್ರಾಹಕರ ಬಳಗದ ಗೆಳೆಯರೇ, ಹಾಜರಾತಿಗಾಗಿ ಹಿಂದಿನ ಸಾಲಿನಲ್ಲಿ ಕೂತಿರುವ ವಿದ್ಯಾರ್ಥಿಗಳೇ, ಸಭಿಕರೇ,

ಈ ಶಾಲಿಗೆ, ಈ ಹಾರಕ್ಕೆ, ಈ ಹಣ್ಣಿನ ಬುಟ್ಟಿಗೆ ನಾನು ಋಣಿ. ಶಾಲು ಅಪ್ಪಟ ರೇಷ್ಮೆಯದು ಎಂದು ನಮ್ಮ ಕಾರ್ಯದರ್ಶಿ ದೇವರಾಜ್ ಮೈಕಿನಲ್ಲಿ ಹೇಳಿದರು. ರಾಮನಗರದ ಜನರ ಎದುರಿಗೆ ಅಷ್ಟು ಧೈರ್ಯ ಮಾಡಿದ್ದಕ್ಕೆ ಅವರಿಗೂ ಒಂದು ಚಪ್ಪಾಳೆ ಸಲ್ಲಬೇಕು. ಬಾಗಿಲ ಬಳಿಯ ಫ್ಲೆಕ್ಸಿನಲ್ಲಿ ‘ನಾಣ್ಯಲೋಕದ ನ್ಯಾಯಮೂರ್ತಿ ಬೋರಲಿಂಗಯ್ಯನವರಿಗೆ ಹಾರ್ದಿಕ ಸ್ವಾಗತ’ ಎಂದು ಬರೆದಿದೆ. ಅದರಲ್ಲಿರುವ ಫೋಟೊ ಇಪ್ಪತ್ತು ವರ್ಷ ಹಿಂದಿನದು, ಅದರ ಬಗ್ಗೆ ನನ್ನ ತಕರಾರಿಲ್ಲ. ನ್ಯಾಯಮೂರ್ತಿ ಎಂಬ ಮಾತಿನ ಬಗ್ಗೆ ಇದೆ. ಇವತ್ತು ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ನಾನು ಮಾಡುವ ಕೆಲಸವೇನು ಎಂದು ಬಹಳ ಜನಕ್ಕೆ ಗೊತ್ತಿಲ್ಲ. ನನ್ನ ಹೆಂಡತಿಯಂತೂ ನೆಂಟರು ಕೇಳಿದರೆ “ಕಂಪ್ಯೂಟರ್ ಮುಂದೆ ಕೂತು ಯಾರ ಮೇಲೋ ಸಿಟ್ಟು ಮಾಡ್ಕೊತಿರ್ತಾರೆ” ಎನ್ನುತ್ತಾಳೆ. ಅಂತರಜಾಲದಲ್ಲಿ ಕನ್ನಡದ ವಿಶ್ವಕೋಶವೊಂದಿದೆ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಅಲ್ಲಿ ನಾಣ್ಯ ಮತ್ತು ನೋಟುಗಳ ಬಗ್ಗೆ ಬಂದ ಲೇಖನಗಳಿಗೆ ನಾನು ದರ್ಜೆ ಕೊಡುತ್ತೇನೆ. ಗುಣಮಟ್ಟಕ್ಕೆ ಒಂದು ದರ್ಜೆ: ಚುಟುಕು, ಆರಂಭಿಕ, ಸಾಧಾರಣ, ಉತ್ತಮ. ಮಹತ್ವಕ್ಕೆ ಇನ್ನೊಂದು: ಅತಿ ಹೆಚ್ಚು, ಹೆಚ್ಚು, ಮಧ್ಯಮ, ಕಡಿಮೆ. ರೂಪಾಯಿಗೆ ‘ಅತಿ ಹೆಚ್ಚು’ ಕೊಟ್ಟೆ. ಡಾಲರಿಗೂ ‘ಅತಿ ಹೆಚ್ಚು’ ಕೊಟ್ಟೆ, ಅದನ್ನು ಜೀವಮಾನದಲ್ಲಿ ಕೈಯಲ್ಲಿ ಹಿಡಿದಿಲ್ಲ. ತೂತುಕಾಸಿಗೆ ‘ಕಡಿಮೆ’ ಕೊಟ್ಟೆ.

ಸಾವಿರದ ಇನ್ನೂರು ಲೇಖನಗಳನ್ನು ತೂಗಿ ನೋಡಿದ ಮಹನೀಯರು ಎಂದು ದೇವರಾಜ್ ಪರಿಚಯಿಸಿದರು. ಸಂಖ್ಯೆ ಸರಿಯಾಗಿದೆ. ಅಷ್ಟನ್ನೂ ಓದಿದೆನೇ ಎಂದು ಮಾತ್ರ ಕೇಳಬೇಡಿ. ಮೂವತ್ತೊಂದು ವರ್ಷ ಚನ್ನಪಟ್ಟಣದಲ್ಲಿ ಚರಿತ್ರೆ ಪಾಠ ಹೇಳಿದವನು ನಾನು, ವರ್ಷವರ್ಷವೂ ಉತ್ತರ ಪತ್ರಿಕೆ ನೋಡಿದವನು. ಎಷ್ಟು ಪುಟ ಬರೆದಿದ್ದಾನೆ, ಎಲ್ಲೆಲ್ಲಿ ಅಡಿಗೆರೆ ಎಳೆದಿದ್ದಾನೆ ಎಂದು ನೋಡಿ ಅಂಕ ಹಾಕಿದ ಮಧ್ಯಾಹ್ನಗಳು ನನಗೂ ಇದ್ದವು. ಇದನ್ನು ಹಳೆಯ ವಿದ್ಯಾರ್ಥಿಗಳ ಮುಂದೆ ಹೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತು, ಇರಲಿ.

ತೂತುಕಾಸನ್ನು ಇಲ್ಲಿನ ಚಿಕ್ಕವರು ನೋಡಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲು ನಡುವೆ ದೊಡ್ಡ ತೂತು ಬಿಟ್ಟು ಟಂಕಿಸಿದ ಸಣ್ಣ ಕಾಸು ಅದು. ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಲ್ಲಿ ನಾನು ಹುಟ್ಟಿದಾಗ ಅದರ ಚಲಾವಣೆ ನಿಂತಿತ್ತು. ಆದರೂ ನಮ್ಮಪ್ಪ ನರಸಯ್ಯ ಒಂದು ತೂತುಕಾಸನ್ನು ನನ್ನ ಉಡಿದಾರಕ್ಕೆ ಪೋಣಿಸಿ ಕಟ್ಟಿದ್ದರು. ಮೈಮೇಲೆ ಬಟ್ಟೆಯಿಲ್ಲದೆ ಓಡಾಡುವ ವಯಸ್ಸಿನಲ್ಲಿ ಅದೊಂದೇ ನನ್ನ ಆಸ್ತಿ. ನಾನು ನಾಣ್ಯದ ಹುಚ್ಚು ಹಿಡಿಸಿಕೊಂಡಿದ್ದೇ ಆ ಕಾಸಿನಿಂದ. ಹಾಗಾಗಿ ವಿಶ್ವಕೋಶದ ತೂತುಕಾಸಿನ ಲೇಖನದಲ್ಲಿ ನಾನೇ ಒಂದು ಸಾಲು ಸೇರಿಸಿದ್ದೆ: ‘ಹಳೆ ಮೈಸೂರಿನ ಹಳ್ಳಿಗಳಲ್ಲಿ ಮಕ್ಕಳ ಉಡಿದಾರಕ್ಕೆ ಇದನ್ನು ಕಟ್ಟುತ್ತಿದ್ದರು.’ ಈ ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡು ಸಾವಿರದ ಇಪ್ಪತ್ತೆರಡರ ನವೆಂಬರಿನಲ್ಲಿ ಇದೇ ರಾಮನಗರದ ಒಂದು ಕಾಲೇಜಿನಲ್ಲಿ ಮಕ್ಕಳಿಗೆ ವಿಶ್ವಕೋಶಕ್ಕೆ ಬರೆಯುವುದನ್ನು ಕಲಿಸಲು ನನ್ನನ್ನು ಕರೆದಿದ್ದರು. ನಾನು ಚೆನ್ನಾಗಿ ಮಾತಾಡಿದೆ. ನಾನು ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತೇನೆ. “ದೂರದ್ದನ್ನು ಹುಡುಕಬೇಡಿ ಮಕ್ಕಳೇ, ನಿಮ್ಮ ಮನೆಯಲ್ಲಿ ಏನಿದೆಯೋ ಅದನ್ನು ಬರೆಯಿರಿ” ಎಂದೆ. ಬಿ.ಕಾಂ. ಎರಡನೇ ವರ್ಷದ ನೂರೀನ್ ಎಂಬ ಹುಡುಗಿ ಆ ಮಾತನ್ನು ನಂಬಿದಳು. ಅವಳ ತಂದೆ ಸನಾವುಲ್ಲಾ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ರೀಲರ್, ಅಜ್ಜಿ ಬದ್ರುನ್ನೀಸಾ ಅವರಿಗೂ ಅದೇ ಕಸುಬು.

ವಾರ ಕಳೆಯುವುದರೊಳಗೆ ತೂತುಕಾಸಿನ ಲೇಖನದಲ್ಲಿ ಹೊಸದಾಗಿ ಎರಡು ಸಾಲು ಕಾಣಿಸಿದವು. ನನಗೆ ಬಾಯಿಪಾಠವಾಗಿದೆ, ಹೇಳುತ್ತೇನೆ. ‘ರಾಮನಗರದಲ್ಲಿ ಕೆಲವು ರೀಲರುಗಳು ತೂತುಕಾಸನ್ನು ಚರಕಕ್ಕೆ ಕಟ್ಟಿ, ಬಿಸಿನೀರಿನಿಂದ ಎದ್ದ ರೇಷ್ಮೆ ನೂಲನ್ನು ಅದರ ತೂತಿನಲ್ಲಿ ಹಾಯಿಸಿ ರಾಟೆಗೆ ಕೊಡುತ್ತಿದ್ದರು. ವರ್ಷಗಟ್ಟಲೆ ನೂಲು ಓಡಿದ್ದರಿಂದ ಇಂಥ ಕಾಸುಗಳ ತೂತಿನ ಅಂಚಿನಲ್ಲಿ ಗೀರು ಬಿದ್ದಿರುತ್ತದೆ.’ ಜೊತೆಗೊಂದು ಫೋಟೊ ಇತ್ತು. ಅರೆಬೆಳಕಿನಲ್ಲಿ ತೆಗೆದ ಫೋಟೊ, ಮಸುಕು. ಒಂದು ಮುದಿ ಬೆರಳು ಕಾಸನ್ನು ತೋರಿಸುತ್ತಿತ್ತು.

ನಾನೇನು ಮಾಡಿದೆ? ಆಧಾರವಿಲ್ಲ ಎಂದು ಬರೆದು ಎರಡು ಸಾಲನ್ನೂ ತೆಗೆದೆ. ಚಿತ್ರ ಸ್ಪಷ್ಟವಿಲ್ಲ ಎಂದು ಅದನ್ನೂ ತೆಗೆದೆ. ಲೇಖನಕ್ಕೆ ಗುಣಮಟ್ಟ ‘ಆರಂಭಿಕ’, ಮಹತ್ವ ‘ಕಡಿಮೆ’ ಎಂದು ಮತ್ತೊಮ್ಮೆ ಮುದ್ರೆ ಒತ್ತಿದೆ. ಇದಿಷ್ಟಕ್ಕೂ ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಕಾಫಿ ಕುಡಿದೆ.

ಚರ್ಚೆಯ ಪುಟದಲ್ಲಿ ನೂರೀನ್ ಕೇಳಿದಳು: “ಸರ್, ಉಡಿದಾರದ ಸಾಲಿಗೂ ಆಧಾರ ಕೊಟ್ಟಿಲ್ಲವಲ್ಲ?” ನಾನು ಉತ್ತರಿಸಿದೆ: “ಅದು ಎಲ್ಲರಿಗೂ ಗೊತ್ತಿರುವ ವಿಷಯ.” ಮರುದಿನ ಅವಳದೊಂದೇ ಸಾಲು: “ಎಲ್ಲರೂ ಅಂದರೆ ಯಾರು ಸರ್?”

ಸಭಿಕರೇ, ನಾನು ಆ ಪುಟವನ್ನೇ ಮುಚ್ಚಿದೆ. ಹುಡುಗಿಗೆ ಸ್ವಲ್ಪ ಬಾಯಿ ಜಾಸ್ತಿ ಎಂದುಕೊಂಡೆ. ಪಾಠ ಹೇಳಿದವರಿಗೆ ಈ ರೋಗ ಬೇಗ ಬಿಡುವುದಿಲ್ಲ.

ಅವಳು ಬಿಡಲಿಲ್ಲ. ಕಾರ್ಯಾಗಾರದಲ್ಲಿ ಕೊಟ್ಟಿದ್ದ ನನ್ನ ನಂಬರಿಗೆ ಫೋನ್ ಮಾಡಿದಳು. “ದಾದಿ ಮಾತಾಡ್ತಾರಂತೆ ಸರ್” ಎಂದು ಅಜ್ಜಿಯ ಕೈಗೆ ಕೊಟ್ಟಳು. ಬದ್ರುನ್ನೀಸಾ ಅಮ್ಮನವರ ದನಿಯನ್ನು ನಾನು ಕೇಳಿದ್ದು ಅದೊಂದೇ ಸಲ. ಗಟ್ಟಿ ದನಿ. ಜೀವಮಾನವೆಲ್ಲ ಚರಕದ ಸದ್ದಿನ ಮೇಲೆ ಮಾತಾಡಿದವರ ದನಿ ಹಾಗಿರುತ್ತದೆ.

“ಸಾಬ್, ಅದೇನೋ ಸಾಕ್ಷಿ ಬೇಕು ಅಂದ್ರಂತಲ್ಲ. ಚರಕ ಐತೆ, ಕಾಸು ಐತೆ, ನಾನೂ ಇವ್ನಿ. ಇನ್ನೇನ್ ಬೇಕು?”

“ಅಚ್ಚಾದ ಪುಸ್ತಕ ಬೇಕಮ್ಮಾ. ಪುಸ್ತಕದಲ್ಲಿ ಬಂದಿರಬೇಕು, ಅದು ನಿಯಮ” ಎಂದೆ.

“ಪುಸ್ತಕ ಬರೆಯೋರು ನಮ್ಮ ಬೀದಿಗೆ ಯಾವತ್ತೂ ಬರ್ಲೇ ಇಲ್ವಲ್ಲಪ್ಪಾ” ಎಂದು ನಕ್ಕರು. “ನೀವಾದ್ರೂ ಒಸಿ ಬಂದು ನೋಡೋಗಿ. ನಮ್ಮ ಮಾವ ಕಟ್ಟಿದ್ ಕಾಸು. ನಾನು ಮದ್ವೆಯಾಗಿ ಬಂದಾಗ ತೂತು ದುಂಡುಗಿತ್ತು. ಈಗ ನೋಡಿದ್ರೆ ನಿಮ್ಗೇ ಗೊತ್ತಾಯ್ತದೆ.”

ಮುಂದಿನ ವಾರ ಬರುತ್ತೇನೆ ಎಂದೆ.

ನನ್ನ ಮನೆಯಿರುವ ಚನ್ನಪಟ್ಟಣದಿಂದ ರಾಮನಗರಕ್ಕೆ ಎಷ್ಟು ದೂರ? ಹನ್ನೆರಡು ಕಿಲೋಮೀಟರ್ ಇದ್ದೀತು. ಐದು ನಿಮಿಷಕ್ಕೊಂದು ಬಸ್ಸು. ನೂರೀನ್ ಮೂರು ಸಲ ನೆನಪಿಸಿದಳು. ನಾನು ಮೂರು ಸಲವೂ ಮುಂದಿನ ವಾರ ಎಂದೆ. ಒಮ್ಮೆ ಮಂಡಿನೋವು ಎಂದೆ, ಅದು ನಿಜವಾಗಿತ್ತು. ಒಮ್ಮೆ ಬಿಸಿಲು ಎಂದೆ, ಅದೂ ನಿಜವೇ. ಆದರೆ ಹೀಗೆ ಮುಂದೂಡುತ್ತ ಹೋದ ಹದಿನೆಂಟು ತಿಂಗಳಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಒಂಬತ್ತು ಸಲ ಈ ಊರಿಗೆ ಬಂದಿದ್ದೇನೆ. ರೀಲರುಗಳ ಆ ಬೀದಿಯ ತುದಿಯಿಂದ ಡಾಕ್ಟರ ಅಂಗಡಿಗೆ, ಕ್ಷಮಿಸಿ, ದವಾಖಾನೆಗೆ, ನಡೆದರೆ ಹತ್ತು ನಿಮಿಷ.

ಯಾಕೆ ಹೋಗಲಿಲ್ಲ? ಹೋಗಿ ನೋಡಿದ್ದರೆ ಒಪ್ಪಿಕೊಳ್ಳಬೇಕಾಗುತ್ತಿತ್ತು. ಇಪ್ಪತ್ತು ವರ್ಷದ ಹುಡುಗಿಯ ಸಾಲನ್ನು ತೆಗೆದದ್ದು ತಪ್ಪು ಎಂದು ಎಲ್ಲರೂ ಓದುವ ಪುಟದಲ್ಲಿ ಬರೆಯಬೇಕಾಗುತ್ತಿತ್ತು. ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಲು ನಾಚಿಕೆಯಾಗುತ್ತದೆ. ನನ್ನ ಎಷ್ಟೋ ಜನ ಶಿಷ್ಯರು ಆ ಬೀದಿಯವರು. ವಾಸಿಂ ಎಂಬುವನು ನನ್ನ ವಿಷಯದಲ್ಲಿ ಕಾಲೇಜಿಗೇ ಮೊದಲು ಬಂದಿದ್ದ. ಮದುವೆಗೆ ಕರೆದಿದ್ದ, ಹಬ್ಬಕ್ಕೆ ಕರೆದಿದ್ದ. ನಾನು ಒಂದು ದಿನವೂ ಆ ಬೀದಿಯೊಳಗೆ ಕಾಲಿಟ್ಟಿರಲಿಲ್ಲ. ಯಾರ ಮೇಲೂ ದ್ವೇಷವಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಹೋಗಬೇಕು ಅನ್ನಿಸಿರಲಿಲ್ಲ, ಅಷ್ಟೇ. ಮಹತ್ವ ‘ಕಡಿಮೆ’ ಎಂದು ಬರೆಯುವುದಕ್ಕಿಂತ ಮೊದಲೇ ಆ ಬೀದಿಗೆ ಆ ದರ್ಜೆ ಕೊಟ್ಟುಬಿಟ್ಟಿದ್ದೆನೋ ಏನೋ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಹತ್ತನೇ ಸಲ ಹಲ್ಲಿಗೆಂದು ಬಂದೆ. ಡಾಕ್ಟರು ಇರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಆ ಬೀದಿಗೆ ಹೋದೆ. ನೋಡಿ, ಕೊನೆಗೆ ಹೋದದ್ದೂ ಹಾಗೆಯೇ.

ಸನಾವುಲ್ಲಾ ಬಾಗಿಲಲ್ಲೇ ಸಿಕ್ಕರು. ಹೆಸರು ಹೇಳಿದೆ. ಕುರ್ಚಿ ತಂದು ಹಾಕಿದರು, ಟೀ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

“ಅಮ್ಮಿ ತೀರ್ಕೊಂಡು ಮೂರ್ ತಿಂಗ್ಳಾಯ್ತು ಸಾರ್” ಎಂದರು. “ಚರಕ ನಿಂತು ಎಷ್ಟೋ ವರ್ಸ ಆಗಿತ್ತು. ಜಾಗ ಇಲ್ಲ, ಮಾರ್ಬುಡಾನ ಅಂದ್ರೆ ಅಮ್ಮಿ ಬುಡ್ತಾನೇ ಇರ್ಲಿಲ್ಲ. ಆ ಪುಸ್ತಕದ ಸಾಬ್ ಬತ್ತೀನಿ ಅಂದವ್ರೆ, ಬಂದು ನೋಡ್ಲಿ, ಆಮ್ಯಾಕೆ ಮಾರು ಅಂತಿದ್ರು. ಹೋದ್ ತಿಂಗ್ಳು ಗುಜರಿ ಮೆಹಬೂಬ್‌ಗೆ ಹಾಕ್ಬುಟ್ಟೆ.”

“ಕಾಸು?” ಎಂದೆ.

“ಅದ್ರಲ್ಲೇ ಇತ್ತು ಸಾರ್. ಬಿಚ್ಕೋಬೇಕು ಅಂತ ಹೊಳೀಲೇ ಇಲ್ಲ.”

ಟೀ ಅರ್ಧಕ್ಕೇ ಬಿಟ್ಟು ಗುಜರಿ ಅಂಗಡಿಗೆ ಓಡಿದೆ. ಈ ಮಂಡಿಯಲ್ಲಿ ಓಡಿದೆ. ಮೆಹಬೂಬ್ ಪಾಪ ಮೂಲೆಮೂಲೆ ಹುಡುಕಿದ. “ಲೋಡ್ ಹೋಯ್ತು ಸಾರ್, ಈಗ ಅದು ಕರಗಿ ನೀರಾಗಿರ್ತದೆ” ಎಂದ. ನಾನು ಅಲ್ಲೇ ಹಳೆಯ ಗ್ರೈಂಡರಿನ ಮೇಲೆ ಕೂತುಬಿಟ್ಟೆ. ನನ್ನ ಮನೆಯ ಪೆಟ್ಟಿಗೆಯಲ್ಲಿ ಒಳ್ಳೊಳ್ಳೆಯ ತೂತುಕಾಸು ನಲವತ್ತಿವೆ. ಒಂದರಲ್ಲೂ ಗೀರಿಲ್ಲ. ಗೀರಿಲ್ಲದ್ದನ್ನೇ ಆರಿಸಿ ಆರಿಸಿ ಇಟ್ಟುಕೊಂಡವನು ನಾನು.

ಅಂದು ಸಂಜೆ ನೂರೀನ್‌ಗೆ ಮೆಸೇಜ್ ಮಾಡಿದೆ. ತಪ್ಪಾಯಿತಮ್ಮಾ, ಆ ಸಾಲುಗಳನ್ನು ವಾಪಸ್ ಹಾಕೋಣ ಎಂದು ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು. “ದಾದಿಗೆ ಕಣ್ಣು ಕಾಣುತ್ತಿರಲಿಲ್ಲ ಸರ್. ಬಂದಿದೆಯಾ, ಬಂದಿದ್ದರೆ ಓದಿ ಹೇಳು ಅಂತ ದಿನಾ ಕೇಳುತ್ತಿದ್ದರು. ಈಗ ಹಾಕಿದರೆ ಯಾರಿಗೆ ಓದಿ ಹೇಳಲಿ?” ಅವಳು ವಿಶ್ವಕೋಶಕ್ಕೆ ಬರೆಯುವುದನ್ನು ನಿಲ್ಲಿಸಿದ್ದಾಳೆ. ಅದಕ್ಕೆ ಕಾರಣ ನಾನು. ಈ ಸಭೆಗೆ ಕರೆಯೋಲೆ ಕಳಿಸಿದ್ದೆ, ಬಂದಿದ್ದಾಳೋ ಇಲ್ಲವೋ ಗೊತ್ತಿಲ್ಲ. ಹಿಂದಿನ ಸಾಲು ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಇನ್ನೆರಡು ನಿಮಿಷ ಮೇಡಂ.

ಈ ಸಮಾರಂಭದ ಭಾಷಣಗಳೆಲ್ಲ ಬಳಗದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತವೆ. ಸನ್ಮಾನ ಬೇಡ ಎಂದು ಮೂರು ಸಲ ಹೇಳಿದ್ದವನು ಕೊನೆಗೆ ಒಪ್ಪಿದ್ದು ಅದಕ್ಕೇ. ದೇವರಾಜ್, ಮಿಕ್ಕಿದ್ದನ್ನು ನೀವು ಬೇಕಾದ ಹಾಗೆ ಕತ್ತರಿಸಿ. ಇದನ್ನು ಮಾತ್ರ ಒಂದಕ್ಷರ ಬಿಡದೆ ಹಾಕಿ. ‘ರಾಮನಗರದ ಬದ್ರುನ್ನೀಸಾ ಎಂಬ ರೀಲರ್ ತಮ್ಮ ಚರಕದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ತೂತುಕಾಸಿನ ಮೂಲಕ ರೇಷ್ಮೆ ನೂಲು ಹಾಯಿಸಿದರು. ನೂಲು ಓಡಿ ಓಡಿ ಕಾಸಿನ ತೂತಿನಲ್ಲಿ ಗೀರು ಬಿದ್ದಿತ್ತು. ಇದನ್ನು ಅವರೇ ಹೇಳಿದರು. ಅವರ ಮೊಮ್ಮಗಳು ನೂರೀನ್ ಮೊದಲು ಬರೆದಳು.’ ಆ ಮಸುಕು ಫೋಟೊವನ್ನೂ ಹಾಕಿ, ಅದಕ್ಕೆ ಸನಾವುಲ್ಲಾ ಅವರ ಒಪ್ಪಿಗೆ ಪಡೆದಿದ್ದೇನೆ. ಕಳೆದ ಸಲ ಮರೆತ ಹಾಗೆ ಪುಟಸಂಖ್ಯೆ ಹಾಕುವುದನ್ನು ಮರೆಯಬೇಡಿ. ನಾಳೆ ಯಾರೋ ಆಧಾರ ಎಲ್ಲಿ ಎಂದು ಕೇಳುತ್ತಾರೆ. ಅವರಿಗೆ ಪುಟ ತೋರಿಸಬೇಕು.

ಆ ಸಾಲುಗಳನ್ನು ಲೇಖನಕ್ಕೆ ಸೇರಿಸುವವನು ನಾನಾಗಬಾರದು. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಸೇರಿಸಿ. ದರ್ಜೆಯನ್ನೂ ಬೇರೆಯವರು ಕೊಡಲಿ, ಆ ಕೆಲಸವನ್ನು ನಾನು ಇವತ್ತಿಗೆ ಬಿಟ್ಟಿದ್ದೇನೆ. ಬಿಡುವ ಮುಂಚೆ, ಬೆಳಿಗ್ಗೆ ಇಲ್ಲಿಗೆ ಹೊರಡುವಾಗ, ಉಡಿದಾರದ ಸಾಲನ್ನು ಅಳಿಸಿ ಬಂದೆ. ಅದಕ್ಕೂ ಆಧಾರವಿರಲಿಲ್ಲ.

ಕಡೆಯದಾಗಿ ಒಂದು ಮಾತು, ಇದು ನಿನ್ನೆಯಷ್ಟೇ ಹೊಳೆದದ್ದು. ಈ ಸ್ಮರಣ ಸಂಚಿಕೆ ಹೊಸದೇನಲ್ಲ. ಬದ್ರುನ್ನೀಸಾ ಅಮ್ಮ ಬದುಕಿದ್ದು, ಚರಕ ಇಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದ ವರ್ಷವೂ ಇದು ಅಚ್ಚಾಗಿತ್ತು. ಅಚ್ಚಾದ ಪುಸ್ತಕ ಬೇಕಮ್ಮಾ ಎಂದವನು ಅದರಲ್ಲಿ ಎಂಟು ಪುಟ ಬರೆದಿದ್ದೆ. ನನ್ನ ಬಾಲ್ಯದ ಬಗ್ಗೆ ಬರೆದಿದ್ದೆ.

ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಕರೆಸಿದ ಬಳಗಕ್ಕೆ, ಊಟ ತಡವಾದರೂ ಏಳದೆ ಕೂತ ನಿಮಗೆಲ್ಲ ವಂದನೆಗಳು. ರೀಲರುಗಳ ಬೀದಿ ಈ ಸಭಾಂಗಣದ ಹಿಂಬದಿಗಿದೆ, ನಡೆದರೆ ಹತ್ತು ನಿಮಿಷ. ನಿಮಗೆ ಬೆನ್ನು ತಿರುಗಿಸಿದೆ ಎಂದು ತಪ್ಪು ತಿಳಿಯಬೇಡಿ, ಆ ಕಡೆಗೆ ತಿರುಗಿ ಕೈಮುಗಿಯುತ್ತಿದ್ದೇನೆ. ತಡವಾಯಿತು ಅಮ್ಮಾ, ನಮಸ್ಕಾರ.